ಹೊಸ ಊರಲ್ಲಿ ಆಡೋಕೆ ಪಬ್ಲಿಕ್ ಕೋರ್ಟು ಹುಡುಕೋದು ಹೆಂಗೆ?

ಒಂಟಿ_ಡ್ರಿಬ್ಲರ್:
ಊರು ಬದಲಾಯಿಸಿದೀನಿ, ಪರಿಚಯದೋರು ಯಾರೂ ಇಲ್ಲ. ನಾನು ಬಾಸ್ಕೆಟ್‌ಬಾಲ್, ತಂಗಿ ಶಟ್ಲು. ದುಡ್ಡು ಕೊಟ್ಟು ಕ್ಲಬ್ ಸೇರೋ ಮುಂಚೆ ಪಬ್ಲಿಕ್ ಕೋರ್ಟ್ ಇದ್ಯಾ ನೋಡೋಣ ಅಂತ ಮ್ಯಾಪಲ್ಲಿ ಹುಡುಕಿದ್ರೆ ಬರೀ ಜಿಮ್ಮು, ಅಕಾಡೆಮಿ, ಬ್ಯಾಟ್ ಅಂಗಡಿ. ಒಂದು ಪಾರ್ಕಲ್ಲಿ ಹೂಪ್ ಇರೋ ಕೋರ್ಟ್ ಸಿಕ್ತು, ಆದ್ರೆ ಯಾವಾಗ ಹೋದ್ರೂ ಅದೇ ಗ್ಯಾಂಗು ಆಡ್ತಿರುತ್ತೆ, ಸೈಡಲ್ಲಿ ನಿಂತು ನೋಡಿ ವಾಪಸ್ ಬರ್ತೀನಿ. ಹೋಗಿ ಏನಂತ ಕೇಳ್ಲಿ?

ಮೇಲಿಂದ_ನೋಡು:
ಹೆಸರು ಹಾಕಿ ಹುಡುಕಿದ್ರೆ ಬೋರ್ಡ್ ಹಾಕ್ಕೊಂಡಿರೋವೇ ಸಿಗೋದು ಗುರು. ಸ್ಯಾಟಲೈಟ್ ವ್ಯೂ ಹಾಕಿ ಪಾರ್ಕು, ಸ್ಕೂಲು, ಫ್ಲೈಓವರ್ ಪಕ್ಕದ ಖಾಲಿ ಜಾಗ ಎಲ್ಲಾ ಒಂದ್ಸಲ ಸುತ್ತಿ ಬನ್ನಿ, ಹಸಿರು ನೀಲಿ ಆಯತ ಕಂಡ್ರೆ ಮ್ಯಾಪಲ್ಲೇ ಅಳತೆ ಹಾಕ್ಬೋದು. ಫುಲ್ ಬಾಸ್ಕೆಟ್‌ಬಾಲ್ ಕೋರ್ಟ್ 28 ಮೀಟರ್ ಉದ್ದ 15 ಅಗಲ, ಟೆನಿಸ್ ಗೆರೆ ಸುಮಾರು 24ಕ್ಕೆ 11, ವಾಲಿಬಾಲ್ 18ಕ್ಕೆ 9. ಪಾರ್ಕಲ್ಲಿರೋವು ಕರೆಕ್ಟಾಗಿ ಇಷ್ಟೇ ಇರಲ್ಲ, ಅಂದಾಜಿಗೆ ಸಾಕು.

ಓಪನ್‌ಸ್ಟ್ರೀಟ್‌ಮ್ಯಾಪೂ ನೋಡಿ. ಅದ್ರಲ್ಲಿ ಪ್ರತಿ ಕೋರ್ಟಿಗೂ ಯಾವ ಆಟ, ಲೈಟ್ ಇದ್ಯಾ, ಒಳಗೆ ಬಿಡ್ತಾರಾ ಅಂತ ಟ್ಯಾಗ್ ಹಾಕೋ ವ್ಯವಸ್ಥೆ ಇದೆ, ಜನಾನೇ ತುಂಬ್ಸೋದು ಹಾಗಾಗಿ ಅರ್ಧಕ್ಕರ್ಧ ಖಾಲಿ ಇದ್ರೂ ಆಶ್ಚರ್ಯ ಇಲ್ಲ.

ಕೋರ್ಟಿನ ದಿಕ್ಕನ್ನೂ ನೋಡ್ಕೊಳಿ, ಇದನ್ನ ಯಾರೂ ಹೇಳಲ್ಲ. ಸರಿಯಾಗಿ ಹಾಕಿರೋ ಕೋರ್ಟು ಉತ್ತರ ದಕ್ಷಿಣ ಇರುತ್ತೆ. ಜಾಗ ಇಲ್ಲ ಅಂತ ಪೂರ್ವ ಪಶ್ಚಿಮ ಎಳೆದಿದ್ರೆ ಸಂಜೆ ಒಂದು ಸೈಡಿನೋರಿಗೆ ಸೂರ್ಯ ನೆಟ್ಟಗೆ ಕಣ್ಣಿಗೇ. ಅಂಥ ಕೋರ್ಟು ಆ ಹೊತ್ತಲ್ಲಿ ಖಾಲಿ ಸಿಗೋ ಚಾನ್ಸ್ ಜಾಸ್ತಿ, ಟೋಪಿ ಇದ್ರೆ ನಿಮ್ಗೆ ಲಾಭ 😄

ಹಾಫ್‌ಕೋರ್ಟ್_ಮಾವ:
"ನಾನೂ ಆಡ್ಲಾ" ಅಂದ್ರೆ ಹತ್ತು ಜನ ಮುಖ ಮುಖ ನೋಡ್ಕೋತಾರೆ. "ನೆಕ್ಸ್ಟ್ ಯಾರ್ದು?" ಅಂತ ಕೇಳಿ. ಯಾರ್ದೂ ಇಲ್ಲ ಅಂದ್ರೆ ನೆಕ್ಸ್ಟ್ ನಿಮ್ದೇ, ಸೈಡಲ್ಲಿ ಕೂತಿರೋರನ್ನೇ ಸೇರಿಸ್ಕೊಂಡು ಟೀಮ್ ಮಾಡ್ಕೊಳಿ. ಗೆದ್ದೋರು ಉಳಿಯೋದು ಸೋತೋರು ಇಳಿಯೋದು, ತುಂಬ ಕಡೆ ಹಿಂಗೇ ನಡೆಯುತ್ತೆ. ಜನ ಜಾಸ್ತಿ ಇದ್ರೆ ಹಾಫ್ ಕೋರ್ಟಲ್ಲಿ 3x3 (ಒಂದೊಂದು ಟೀಮಲ್ಲಿ ಮೂರೇ ಜನ, ಒಂದೇ ಹೂಪು) ಆಡೋಣ ಅನ್ನಿ, 21 ಪಾಯಿಂಟ್ ಇಲ್ಲಾಂದ್ರೆ 10 ನಿಮಿಷ, ಯಾವ್ದು ಮೊದ್ಲೋ ಅದು, ಕಾಯೋರಿಗೂ ಬೇಗ ಟರ್ನ್ ಬರುತ್ತೆ. ಮತ್ತೆ ದಯವಿಟ್ಟು ಅವ್ರು ಆ ಕಡೆ ಓಡಿದ ತಕ್ಷಣ ಈ ಹೂಪಿಗೆ ಶಾಟ್ ಹೊಡೀತಾ ನಿಲ್ಬೇಡಿ, ಬಾಲು ಅವ್ರ ಕಾಲಿಗೆ ಸಿಕ್ಕಿ ಪಾದ ಉಳುಕಿದ್ರೆ ಅಲ್ಲಿಗೆ ನಿಮ್ ಕಥೆ ಮುಗೀತು.

ಗಾಳಿ_ಇಲ್ದಾಗ_ಕರೀರಿ:
ತಂಗಿ ವಿಷ್ಯ: ಬಯಲಲ್ಲಿ ಫೆದರ್ ಶಟ್ಲ್ ಹಾಳ್ಮಾಡ್ಬೇಡಿ, ನೈಲಾನ್ ತಗೊಳಿ, ಬೆಳಗ್ಗೆ ಬೇಗ ಹೋಗಿ, ಸಾಮಾನ್ಯವಾಗಿ ಆಗ ಗಾಳಿ ಕಮ್ಮಿ. ಶಟ್ಲ್ ಕೋರ್ಟೇ ಸಿಗ್ಲಿಲ್ವಾ, ಪಿಕಲ್‌ಬಾಲ್ (ಪ್ಯಾಡಲ್ಲಲ್ಲಿ ಪ್ಲಾಸ್ಟಿಕ್ ಬಾಲ್ ಹೊಡೆಯೋ ಆಟ) ಕೋರ್ಟ್ ಖಾಲಿ ಇದ್ಯಾ ನೋಡಿ, ಹೊರಗಿನ ಗೆರೆ ಎರಡಕ್ಕೂ ಒಂದೇ, 13.4ಕ್ಕೆ 6.1 ಮೀಟರ್. ನೆಟ್ ಮಾತ್ರ ನಿಮ್ದೇ ಬೇಕು, ಅವ್ರದ್ದು ಸೊಂಟದ ಹತ್ರ, ಶಟ್ಲಿಗೆ ನಡುವೆ 1.524 ಮೀಟರ್ ಎತ್ತರ ಇರ್ಬೇಕು.

ಗೇಟ್ ಹತ್ರ ಬೋರ್ಡ್ ಓದೋದಕ್ಕಿಂತ ವಾಚ್‌ಮನ್‌ನ ಕೇಳೋದು ವಾಸಿ. ಕೋಚಿಂಗ್ ಯಾವ ಟೈಮು, ಲೈಟ್ ಎಷ್ಟೊತ್ತಿಗೆ ಆಫ್, ಯಾರು ಬುಕ್ ಮಾಡಿ ಬರೋದೇ ಇಲ್ಲ, ಎಲ್ಲಾ ಅವ್ರ ಬಾಯಲ್ಲೇ ಇರುತ್ತೆ.

ಒಂಟಿ_ಡ್ರಿಬ್ಲರ್:
ಥ್ಯಾಂಕ್ಸ್ ಎಲ್ರಿಗೂ. ಮಳೆ ಬಂದು ನಿಂತ್ಮೇಲೆ ಆಡ್ಬೋದಾ?

ಹಾಫ್‌ಕೋರ್ಟ್_ಮಾವ:
ಬಣ್ಣ ಬಳಿದ ಕೋರ್ಟಾದ್ರೆ ಪೂರ್ತಿ ಒಣಗೋವರ್ಗೂ ಬೇಡ, ಜಾರುತ್ತೆ. ಗೆರೆ ಮೇಲಿನ ಪೇಂಟು ಇನ್ನೂ ಮೋಸ. ವೈಪರ್ ಇದ್ರೆ ತಗೊಂಡ್ಹೋಗಿ ನೀರು ತಳ್ಳಿ, ಆ ಗ್ಯಾಂಗು ತಾನಾಗೇ ಮಾತಾಡ್ಸುತ್ತೆ.