ಸರ್ವೋ ವಾಲ್ವ್ ಮಾಡೆಲ್: ಬೆಂಚ್‌ಗಿಂತ ಸಿಲಿಂಡರ್ ಜೋರಾಗಿ ಓಡುತ್ತಿದೆ, ಏಕೆ?

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಸರ್ವೋ ವಾಲ್ವ್ (ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಎಣ್ಣೆಯ ಹರಿವನ್ನು ನಿಯಂತ್ರಿಸುವ ವಾಲ್ವ್) ಮತ್ತು ಎರಡೂ ಕಡೆ ರಾಡ್ ಇರುವ ಸಿಲಿಂಡರ್‌ನ ಕಂಪ್ಯೂಟರ್ ಮಾಡೆಲ್ ಮಾಡಿದ್ದೇನೆ. ಕ್ಯಾಟಲಾಗ್ ಪ್ರಕಾರ ವಾಲ್ವ್ ನಿಮಿಷಕ್ಕೆ 40 ಲೀಟರ್. ಪಿಸ್ಟನ್ ಏರಿಯಾ 20 ಚದರ ಸೆಂ.ಮೀ. ಮಾಡೆಲ್‌ನಲ್ಲಿ ವೇಗ ಸೆಕೆಂಡಿಗೆ 33 ಸೆಂ.ಮೀ. ಉದ್ಯಮಬಾಗದ ಒಂದು ವರ್ಕ್‌ಶಾಪ್‌ನಲ್ಲಿ ಬೆಂಚ್ ಮೇಲೆ ಅಳೆದರೆ ಬರೀ 25. ಸಪ್ಲೈ 100 ಬಾರ್, ಲೋಡ್‌ಗೆ 60 ಬಾರ್ ಬೇಕು. ವಾಲ್ವ್ ಕೆಟ್ಟಿರಬಹುದಾ? ಇನ್ನೊಂದು ವಿಷಯ, ಸ್ಪೂಲ್ (ವಾಲ್ವ್ ಒಳಗೆ ಸರಿದು ಎಣ್ಣೆಯ ದಾರಿ ತೆರೆದು ಮುಚ್ಚುವ ಭಾಗ) ನಡುವಿಗೆ ಬಂದರೆ ಸಿಮ್ಯುಲೇಶನ್ ತೆವಳುತ್ತದೆ.

ಉತ್ತರ: ಸುಮ್ನೆ ವಾಲ್ವ್ ಬಿಚ್ಚಬೇಡ ತಮ್ಮಾ, ಅದು ಸರಿಯಾಗೇ ಇದೆ. ಕ್ಯಾಟಲಾಗ್‌ನಲ್ಲಿ 40 ಲೀಟರ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 70 ಬಾರ್ ಅಂತ ಇರುತ್ತದೆ, ನೋಡು. ಸರ್ವೋ ವಾಲ್ವ್‌ಗೆ ಅದೇ ರೂಢಿ. ವಾಲ್ವ್ ಒಳಗೆ ಒಟ್ಟು 70 ಬಾರ್ ಇಳಿದರೆ ಮಾತ್ರ 40 ಲೀಟರ್. ನಿನ್ನ 100ರಲ್ಲಿ 60 ಲೋಡ್ ತಿಂದಿತು, ವಾಲ್ವ್‌ಗೆ ಉಳಿದಿದ್ದು 40. ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ: 40 × √(40/70), ಅಂದರೆ ಸುಮಾರು 30 ಲೀಟರ್. ಅದನ್ನು ಏರಿಯಾದಿಂದ ಭಾಗಿಸು, 25 ಸೆಂ.ಮೀ. ಬಂತು, ಅಲ್ವಾ?

ತೆವಳುವುದಕ್ಕೂ ಕಾರಣ ಇದೇ ವರ್ಗಮೂಲ. ಒತ್ತಡದ ವ್ಯತ್ಯಾಸ ಸೊನ್ನೆಯ ಹತ್ತಿರ ಬಂದಾಗ ಹರಿವಿನ ಗ್ರಾಫ್‌ನ ಗೆರೆ ನೆಟ್ಟಗೆ ನಿಲ್ಲುತ್ತದೆ, ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಕೂರುತ್ತದೆ. ನಿಜವಾದ ವಾಲ್ವ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹರಿವು ನಿಧಾನ, ನೇರ ಗೆರೆಯಂತೆ ನಡೆಯುತ್ತದೆ. ಹಾಗಾಗಿ ಅರ್ಧ-ಒಂದು ಬಾರ್‌ಗಿಂತ ಕೆಳಗೆ ನೇರ ಗೆರೆಯನ್ನೇ ಹಾಕು. ವಾಲ್ವ್‌ಗೂ ಸಿಲಿಂಡರ್‌ಗೂ ನಡುವಿನ ಹೋಸ್‌ನಲ್ಲಿರುವ ಎಣ್ಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀಯಾ? ಅದನ್ನು ಬಿಟ್ಟರೆ ಜಾಗ ತೀರಾ ಚಿಕ್ಕದಾಗಿ, ಒತ್ತಡ ಹುಚ್ಚು ಕುದುರೆಯಂತೆ ಏರಿಳಿಯುತ್ತದೆ. ಸಾಲ್ವರ್ ಸಹ ಸ್ಟಿಫ್ ಬಗೆಯದೇ (ತೀರಾ ವೇಗದ, ತೀರಾ ನಿಧಾನದ ಬದಲಾವಣೆ ಒಟ್ಟಿಗೆ ಇರುವ ಲೆಕ್ಕಕ್ಕೆ ಮಾಡಿದ್ದು) ಇರಲಿ, ಮ್ಯಾಟ್‌ಲ್ಯಾಬ್‌ನ ಓಡಿಇ15ಎಸ್ ಸಾಕು.

ಪ್ರಶ್ನೆ: ಹೋಸ್ ಬಿಟ್ಟಿದ್ದೆ ಸರ್! ಈಗ ಸೇರಿಸಿದೆ, ಸರಾಗವಾಗಿ ಓಡುತ್ತಿದೆ. ಎಣ್ಣೆಯ ಬಲ್ಕ್ ಮಾಡ್ಯುಲಸ್ (ಒತ್ತಿದರೆ ಎಷ್ಟು ಕುಗ್ಗದೆ ನಿಲ್ಲುತ್ತದೆ ಎಂಬ ಅಳತೆ) ಪುಸ್ತಕದಲ್ಲಿ 15,000 ಬಾರ್ ಇದೆ, ಅದನ್ನೇ ಹಾಕಲೇ?

ಉತ್ತರ: ಅದು ಗಾಳಿ ಸೇರದ ಎಣ್ಣೆಗೆ. ಬೆಂಚ್ ಎಣ್ಣೆಯಲ್ಲಿ ಗಾಳಿ ಇದ್ದೇ ಇರುತ್ತದೆ, ರಬ್ಬರ್ ಹೋಸ್ ಬೇರೆ ಉಬ್ಬುತ್ತದೆ. ನಾನಾದರೆ 7,000ದಿಂದ ಶುರು ಮಾಡಿ, ಬೆಂಚ್‌ನ ಗ್ರಾಫ್‌ಗೆ ಹೊಂದುವವರೆಗೆ ಸರಿಸುತ್ತೇನೆ.

ಇನ್ನೊಬ್ಬರು: ಪ್ರಪೋರ್ಷನಲ್ ವಾಲ್ವ್ (ಸರ್ವೋ ವಾಲ್ವ್‌ನಂಥದೇ ಕೆಲಸದ, ಸರಳ ಬಗೆಯದು) ಹಾಕುವವರು ಈ 70 ಅನ್ನೇ ಹಿಡಿಯಬೇಡಿ. ಅವಕ್ಕೆ ಸಾಮಾನ್ಯವಾಗಿ 10 ಬಾರ್ ಮೇಲೆ ಹರಿವು ಬರೆದಿರುತ್ತಾರೆ. ನಾನು ಒಮ್ಮೆ ಎರಡನ್ನೂ ಕಲಸಿ, ದೊಡ್ಡ ಪಂಪ್ ತರಿಸಿ ಬೈಸಿಕೊಂಡಿದ್ದೇನೆ.