ಮುದ್ದೆಯ ಅಳತೆ

ಜಯನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅಂದು ಮೂರು ರಕ್ತಪರೀಕ್ಷೆಯ ವರದಿಗಳು ಒಂದರ ಪಕ್ಕದಲ್ಲಿ ಒಂದು ಮಲಗಿದ್ದವು. ಗಾಳಿಗೆ ಹಾರದಿರಲೆಂದು ಗೌಡರು ಅವುಗಳ ಮೇಲೆ ತಮ್ಮ ಊರುಗೋಲನ್ನು ಅಡ್ಡವಿಟ್ಟಿದ್ದರು. ಆರು ತಿಂಗಳ ಹಿಂದೆ ಗೌಡರು, ಭಟ್ಟರು, ಸೀನು ಈ ಮೂವರ ರಕ್ತದ ಸಕ್ಕರೆಯ ಮಟ್ಟ ಹೇಳುವ ಎಚ್‌ಬಿಎ1ಸಿ ಕೂಡ 7.8ರ ಆಸುಪಾಸಿನಲ್ಲಿತ್ತು, ಮೂವರನ್ನೂ ಅವರವರ ವೈದ್ಯರು ಡಯಟೀಷಿಯನ್ ಬಳಿಗೆ ಕಳುಹಿಸಿದ್ದರು. ಜಗಳ ಶುರುವಾದದ್ದು ಅಲ್ಲಿಂದ ಮುಂದಿನ ಲೆಕ್ಕಕ್ಕೆ.

“ನನ್ನದು ಒಂದೇ ಭೇಟಿಯಲ್ಲಿ ಮುಗಿಯಿತು. ಹೋದೆ, ಕುಳಿತೆ, ಒಂದು ಹಾಳೆ ಕೊಟ್ಟರು, ಎದ್ದು ಬಂದೆ” ಎಂದರು ಗೌಡರು, ಓಟದಲ್ಲಿ ಮೊದಲು ಬಂದವರ ಗತ್ತಿನಲ್ಲಿ.

“ನನ್ನದು ಇಪ್ಪತ್ತನಾಲ್ಕು. ಪ್ಯಾಕೇಜ್ ತೆಗೆದುಕೊಂಡಿದ್ದೇನೆ” ಎಂದ ಸೀನು.

“ನನ್ನದು ಏಳು” ಎಂದು ಮೆಲ್ಲಗೆ ಹೇಳಿದ ಭಟ್ಟರು, ತಮ್ಮ ಊಟದ ಲೆಕ್ಕ ಬರೆಯುವ ನೋಟ್‌ಬುಕ್ಕನ್ನು ಯಾರೋ ಕಸಿದುಕೊಳ್ಳಲು ಬಂದರೇನೋ ಎಂಬಂತೆ ಮಡಿಲಿಗೆ ಎಳೆದುಕೊಂಡರು.

ಕಮಲಮ್ಮನವರು ಕನ್ನಡಕ ಏರಿಸಿದರು. “ರೋಗ ಒಂದು, ಅಂಕಿ ಒಂದು, ಭೇಟಿ ಮಾತ್ರ ಒಂದು, ಏಳು, ಇಪ್ಪತ್ತನಾಲ್ಕು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದೇನೆ. ಇದು ಸಮಾಂತರ ಶ್ರೇಢಿಯೂ ಅಲ್ಲ, ಗುಣೋತ್ತರ ಶ್ರೇಢಿಯೂ ಅಲ್ಲ.”

“ಇದು ಗಾದೆಯ ಲೆಕ್ಕ ಕಮಲಮ್ಮನವರೇ” ಎಂದರು ಗೌಡರು. “ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ. ಡಯಟೀಷಿಯನ್ ಬಳಿಗೆ ಹೋಗುವುದಕ್ಕೂ ಅದೇ ನಿಯಮ. ಒಂದೇ ಸಲ ಹೋದ ನಾನು ಯೋಗಿ.”

“ಹಾಗಾದರೆ ಇಪ್ಪತ್ತನಾಲ್ಕು ಸಲದವನಾದ ನಾನು?” ಎಂದು ಸೀನು ಕೇಳಿದ.

“ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ ಎನ್ನುವುದರೊಂದಿಗೆ ಗಾದೆ ಮುಗಿಯುತ್ತದೆಯಪ್ಪ. ಇಪ್ಪತ್ತನಾಲ್ಕರವರೆಗೆ ಎಣಿಸುವ ಧೈರ್ಯ ನಮ್ಮ ಹಿರಿಯರಿಗೂ ಇರಲಿಲ್ಲ.”

“ಯೋಗಿಗಳೇ, ನಿಮ್ಮ ಈಗಿನ ಅಂಕಿಯನ್ನು ಸ್ವಲ್ಪ ಓದಿ” ಎಂದರು ಕಮಲಮ್ಮನವರು.

ಗೌಡರು ಊರುಗೋಲನ್ನು ಇನ್ನೊಂದಿಷ್ಟು ಸರಿಸಿ ಅಂಕಿಯನ್ನು ಮುಚ್ಚಲು ನೋಡಿದರು. ಸೀನು ಬಗ್ಗಿ ಓದಿದ: 8.1.

“ಹಾಳೆಯಲ್ಲಿ ಬರೆದಂತೆಯೇ ತಿಂದಿದ್ದೇನೆ!” ಗೌಡರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದವನ್ನು ತೆಗೆದರು. “ನೋಡಿ, ಮಧ್ಯಾಹ್ನ ರಾಗಿ ಮುದ್ದೆ ಒಂದು, ರಾತ್ರಿ ರಾಗಿ ಮುದ್ದೆ ಒಂದು. ಎರಡನೆಯದನ್ನು ಕೈಯಿಂದ ಮುಟ್ಟಿಲ್ಲ.”

“ಆ ಒಂದು ಎಷ್ಟು ದೊಡ್ಡದು?”

ಗೌಡರು ಎರಡೂ ಕೈಗಳನ್ನು ಎತ್ತಿ, ಗಾಳಿಯಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿಯೊಂದನ್ನು ಹಿಡಿದವರಂತೆ ತೋರಿಸಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

“ಗೌಡರೇ, ಮುದ್ದೆ ಎಂಬುದು ಅಳತೆಯಲ್ಲ, ಅದೊಂದು ಅಭಿಪ್ರಾಯ” ಎಂದರು ಕಮಲಮ್ಮನವರು. “ಹಾಳೆ ಬರೆದವರ ಮುದ್ದೆ ಬೆಂಗಳೂರಿನ ಹೋಟೆಲಿನದು, ಅದನ್ನು ಓದಿದ ನೀವು ಮಂಡ್ಯದವರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಎಲುಬಿಗೆ ಒಳ್ಳೆಯದು, ನಿಜ. ಆದರೆ ಅದೇ ರಾಗಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಪಿಷ್ಟವೇ ಇದೆ. ಸಕ್ಕರೆಯ ಲೆಕ್ಕದಲ್ಲಿ ರಾಗಿಗೆ ರೈತರ ರಿಯಾಯಿತಿ ಏನೂ ಇಲ್ಲ. ನಿಮ್ಮನ್ನು ಎರಡನೆಯ ಸಲ ಕರೆದಿದ್ದರೆ ಅವರು ಮೊದಲು ಕೇಳುತ್ತಿದ್ದುದು ಇದನ್ನೇ. ಮೊದಲ ಭೇಟಿ ಹೇಳುವುದಕ್ಕೆ, ಎರಡನೆಯದು ನೀವು ಕೇಳಿಸಿಕೊಂಡದ್ದೇನು ಎಂದು ತಿಳಿಯುವುದಕ್ಕೆ.”

ಸೀನುವಿಗೆ ಇದು ಗೆಲುವಿನಂತೆ ಕಂಡಿತು. “ಅದಕ್ಕೇ ನಾನು ಇಪ್ಪತ್ತನಾಲ್ಕನ್ನೂ ಒಟ್ಟಿಗೇ ಕೊಂಡೆ. ಹನ್ನೆರಡು ಕೊಂಡರೆ ಹನ್ನೆರಡು ಉಚಿತವಾಗಿತ್ತು.”

“ಅದರಲ್ಲಿ ನೀನು ಮನುಷ್ಯರ ಮುಖ ನೋಡಿದ್ದು ಎಷ್ಟು ಸಲ?”

“ಎರಡು ಸಲ ವಿಡಿಯೋ ಕಾಲ್ ಆಯಿತು. ಒಮ್ಮೆ ಅವರ ಕ್ಯಾಮೆರಾ ಆಫ್ ಆಗಿತ್ತು, ಇನ್ನೊಮ್ಮೆ ನನ್ನದು.”

“ಉಳಿದ ಇಪ್ಪತ್ತೆರಡು?”

“ಪ್ರತಿ ಮಂಗಳವಾರ ಬೆಳಿಗ್ಗೆ ‘ನೀರು ಕುಡಿದಿರಾ?’ ಎಂದು ಮೆಸೇಜ್ ಬರುತ್ತದೆ. ನಾನು ಹೆಬ್ಬೆಟ್ಟಿನ ಚಿತ್ರ ಕಳುಹಿಸುತ್ತೇನೆ.”

“ಎಂ.ಟೆಕ್. ಮಾಡಿದವನು ಹೆಬ್ಬೆಟ್ಟು ಒತ್ತುವುದನ್ನು ಇವತ್ತೇ ನೋಡಿದ್ದು” ಎಂದ ಗೌಡರ ಮುಖದಲ್ಲಿ 8.1ರ ಅವಮಾನವೆಲ್ಲ ಕರಗಿಹೋಯಿತು.

ಸೀನುವಿನ ಅಂಕಿ 7.6. ನೀರು ಕುಡಿದದ್ದಕ್ಕೆ ಅಷ್ಟಾದರೂ ಇಳಿದದ್ದು ದೊಡ್ಡದು ಎಂದು ಭಟ್ಟರು ಸಮಾಧಾನ ಹೇಳಿದರು. ಕಮಲಮ್ಮನವರು ಅಷ್ಟಕ್ಕೇ ಬಿಡುವವರಲ್ಲ. “ವಾರವಾರ ಕರೆದು ಏನು ನೋಡುತ್ತಾರೆ? ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ಆ ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದಲೇ ಅದು ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ.”

“ನಮ್ಮ ದೀರ್ಘಾವಧಿ ರಾಗಿಯೂ ಅಷ್ಟೇ ದಿನದ್ದು” ಎಂದರು ಗೌಡರು.

“ಸರಿಯಾಗಿ ಹೇಳಿದಿರಿ. ಬಿತ್ತಿದ ರಾಗಿಯನ್ನು ಮಂಗಳವಾರಕ್ಕೊಮ್ಮೆ ಕಿತ್ತು ಬೇರು ನೋಡಿದರೆ ಫಸಲು ಬೇಗ ಬರುವುದಿಲ್ಲ. ಮೊದಮೊದಲು ಅಭ್ಯಾಸ ಬದಲಾಗುವವರೆಗೆ ಎರಡು ಮೂರು ಸಲ ಹತ್ತಿರಹತ್ತಿರದಲ್ಲಿ ಕರೆಯಲಿ, ಬೇಡ ಎಂದವರು ಯಾರು? ಆಮೇಲೆ ಅಂಕಿ ಬದಲಾಗುವುದಕ್ಕೂ ಪುರುಸೊತ್ತು ಕೊಡಬೇಕಲ್ಲ.”

“ಇದಕ್ಕೆಲ್ಲ ಒಂದು ಸರ್ಕಾರಿ ನಿಯಮವಿಲ್ಲವೇ?” ಎಂದು ಸೀನು ಕೇಳಿದ.

“ನನ್ನ ಸೋದರಳಿಯನಿರುವ ಮೆಲ್ಬರ್ನಿನಲ್ಲಿ ಇದೆ” ಎಂದರು ಗೌಡರು. “ಇಂಥ ದೀರ್ಘಕಾಲದ ಕಾಯಿಲೆಯವರಿಗೆ ವೈದ್ಯರು ಬರೆದುಕೊಟ್ಟರೆ ವರ್ಷಕ್ಕೆ ಐದು ಭೇಟಿಗಳಿಗೆ ಅಲ್ಲಿನ ಸರ್ಕಾರದ ಆರೋಗ್ಯ ಯೋಜನೆ ಮೆಡಿಕೇರ್ ಹಣ ಕೊಡುತ್ತದೆ. ಆದರೆ ಡಯಟೀಷಿಯನ್, ಫಿಸಿಯೋಥೆರಪಿ, ಪಾದ ನೋಡುವವರು ಎಲ್ಲರೂ ಸೇರಿ ಐದು.”

“ಅಂದರೆ ಮೊಣಕಾಲಿಗೆ ಮೂರು ಹೋದರೆ ಹೊಟ್ಟೆಗೆ ಉಳಿಯುವುದು ಎರಡೇ” ಎಂದರು ಕಮಲಮ್ಮನವರು. “ಅವಿಭಕ್ತ ಕುಟುಂಬದ ಆಸ್ತಿಯಂತಾಯಿತು.”

ಭಟ್ಟರು ಗಂಟಲು ಸರಿಮಾಡಿಕೊಂಡರು. “ನನ್ನ ಮಗಳು ಹೇಳುವಂತೆ, ಅಮೆರಿಕದ ಮೆಡಿಕೇರ್‌ನಲ್ಲಿ ಗಂಟೆಯ ಲೆಕ್ಕವಂತೆ. ಸಕ್ಕರೆ ಕಾಯಿಲೆಯವರಿಗೂ ಮೂತ್ರಪಿಂಡದ ಕಾಯಿಲೆಯವರಿಗೂ ಮೊದಲ ವರ್ಷ ಮೂರು ಗಂಟೆ, ಆಮೇಲೆ ವರ್ಷಕ್ಕೆ ಎರಡು ಗಂಟೆ.”

“ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ ಹಾಗೆ” ಎಂದರು ಗೌಡರು. “ಕರೆಂಟು ಇದ್ದಾಗಲೇ ನೀರು ಹಾಯಿಸಿಕೊಳ್ಳಬೇಕು.”

“ನಮ್ಮಲ್ಲಿ ಅದೂ ಇಲ್ಲ” ಎಂದು ಕಮಲಮ್ಮನವರು ಮುಂದುವರಿಸಿದರು. “2021ರಲ್ಲಿ ಕೇಂದ್ರದ ಕಾಯ್ದೆಯೊಂದು ಬಂದು, ಡಯಟೀಷಿಯನ್‌ಗಳನ್ನೂ ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿತು, ಏನು ಓದಿದವರು ಆ ಹೆಸರಿನ ಫಲಕ ಹಾಕಿಕೊಳ್ಳಬಹುದು ಎಂಬುದಕ್ಕೆ ಇನ್ನು ಮುಂದೆ ಒಂದು ಕಟ್ಟುಪಾಡು ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2024ರಲ್ಲಿ 17 ಸೂತ್ರಗಳನ್ನು ಪ್ರಕಟಿಸಿ, ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ ಎಂದರು. ತಟ್ಟೆಗೆ ಲೆಕ್ಕವಾಯಿತು, ಫಲಕಕ್ಕೂ ಲೆಕ್ಕವಾಯಿತು, ಭೇಟಿಗೆ ಮಾತ್ರ ಅವರವರ ಚಿತ್ತ. ಹೊರಗೆ ನೂರು ಜನ ಸರತಿಯಲ್ಲಿ ನಿಂತಿರುವ ಆಸ್ಪತ್ರೆಯಲ್ಲಿ ಆ ಹೆಣ್ಣುಮಗಳು ಒಂದು ಹಾಳೆ ಕೊಟ್ಟು ಕಳುಹಿಸದೆ ಏನು ಮಾಡಿಯಾಳು? ಹೊರಗೆ ಯಾರೂ ಇಲ್ಲದ ಕಡೆ ಒಳಗೆ ಬಂದವನನ್ನು ಇಪ್ಪತ್ತನಾಲ್ಕು ಸಲ ಕರೆಯುತ್ತಾರೆ. ರೋಗಿಯ ಸಕ್ಕರೆ ನೋಡಿ ಗೊತ್ತಾಗಬೇಕಾದ ಸಂಖ್ಯೆ ಹೊರಗಿನ ಸರತಿಯನ್ನೋ ಒಳಗಿನ ಬಾಡಿಗೆಯನ್ನೋ ನೋಡಿ ಗೊತ್ತಾಗುತ್ತದೆ.”

ಮಾತು ಮುಗಿಯಿತೆಂದು ಸೀನು ಏಳುವುದರಲ್ಲಿದ್ದ. ಕಮಲಮ್ಮನವರು ಮೂರನೆಯ ವರದಿಯನ್ನು ಊರುಗೋಲಿನ ಕೆಳಗಿನಿಂದ ಎಳೆದರು. “ಭಟ್ಟರೇ, ನಿಮ್ಮದು 6.4. ಭೇಷ್. ಹಾಗಾದರೆ ಸರಿಯಾದ ಉತ್ತರ ಏಳು ಎಂದಾಯಿತು.”

“ಇಲ್ಲ” ಎಂದರು ಭಟ್ಟರು, ಸುಳ್ಳು ಹೇಳಲು ಬಾರದವರ ಸಂಕಟದಲ್ಲಿ. “ಮೂರನೆಯ ಸಲವೇ ಆ ಹುಡುಗಿ, ಎಲ್ಲ ಹಿಡಿತಕ್ಕೆ ಬಂದಿದೆ ತಾತ, ಇನ್ನು ಮೂರು ತಿಂಗಳು ಬಿಟ್ಟು ಬಂದರೆ ಸಾಕು ಎಂದಳು.”

“ಮತ್ತೆ ಉಳಿದ ನಾಲ್ಕು ಸಲ ಏಕೆ ಕರೆದಳು?”

“ಈ ನೋಟ್‌ಬುಕ್ಕನ್ನು ನೋಡಿ ಗಾಬರಿಯಾಗಿ ಕರೆದಳು.”

ಕಮಲಮ್ಮನವರು ಕೈ ಚಾಚಿದರು. ಭಟ್ಟರು ಬಹಳ ಹೊತ್ತು ಯೋಚಿಸಿ ಕೊಟ್ಟರು. ದುಂಡಗಿನ ಅಕ್ಷರಗಳಲ್ಲಿ, ದಿನಾಂಕಸಹಿತ, ಸೋಮವಾರ ಒಬ್ಬಟ್ಟು ಎರಡು, ತುಪ್ಪ ಒಂದು ಚಮಚ. ಗುರುವಾರ ಒಬ್ಬಟ್ಟು ಎರಡು, ಹಾಲು ಒಂದು ಲೋಟ. ಶನಿವಾರ ಒಬ್ಬಟ್ಟು ಮೂರು. ಕಮಲಮ್ಮನವರು ನೋಟ್‌ಬುಕ್ಕನ್ನೂ ವರದಿಯನ್ನೂ ಎರಡು ಕೈಗಳಲ್ಲಿ ಹಿಡಿದು, ಪರೀಕ್ಷೆಯಲ್ಲಿ ನಕಲು ಮಾಡಿದ ಎರಡು ಉತ್ತರಪತ್ರಿಕೆಗಳನ್ನು ಹೋಲಿಸುವಂತೆ ನೋಡಿದರು.

“ಇದು ತಾಳೆಯಾಗುವುದಿಲ್ಲ. ವಾರಕ್ಕೆ ಏಳು ಒಬ್ಬಟ್ಟು ತಿಂದವರ ರಕ್ತ ಇದಲ್ಲ. ತಿಂದು ಮುಚ್ಚಿಡುವವರನ್ನು ಪ್ರಪಂಚ ಕಂಡಿದೆ. ನೀವು ತಿನ್ನದೆ ಬರೆದಿದ್ದೀರಿ.” ಆಮೇಲೆ ದನಿ ತಗ್ಗಿಸಿ, “ನಿಮ್ಮ ಮನೆಯವರು ಮಗಳ ಬಾಣಂತನಕ್ಕೆ ಹೋಗಿ ಐದು ತಿಂಗಳಾಯಿತಲ್ಲವೇ? ಒಬ್ಬಟ್ಟು ಮಾಡಿದವರು ಯಾರು?”

ಗೌಡರು ಊರುಗೋಲನ್ನು ಎತ್ತಿಕೊಂಡು ಅದರ ತುದಿಯಿಂದ ನೆಲದ ಮೇಲೆ ಏನನ್ನೋ ಗೀಚತೊಡಗಿದರು.

“ಆ ಹುಡುಗಿ ಬಹಳ ವಿವರವಾಗಿ ಕೇಳುತ್ತಾಳೆ” ಎಂದರು ಭಟ್ಟರು. “ಹೂರಣ ಕಡಲೆಬೇಳೆಯದೋ ತೊಗರಿಬೇಳೆಯದೋ ಎಂದು ಕೇಳಿದಳು. ತೊಗರಿಬೇಳೆಯದು ಎಂದೆ. ನಮ್ಮ ಮನೆಯಲ್ಲಿ ಯಾವಾಗಲೂ ತೊಗರಿಬೇಳೆಯದೇ. ಬೇಯಿಸಿದ ಕಟ್ಟನ್ನು ಏನು ಮಾಡುತ್ತೀರಿ ಎಂದಳು. ಒಬ್ಬಟ್ಟಿನ ಸಾರಿಗೆ ಎಂದೆ. ಮರುದಿನದ ಸಾರು ಇನ್ನೂ ರುಚಿಯಲ್ಲವೇ ತಾತ ಎಂದಳು. ಅವತ್ತು ಅರ್ಧ ಗಂಟೆಯಾಯಿತು.”

ಕಮಲಮ್ಮನವರು ನೋಟ್‌ಬುಕ್ಕನ್ನು ಮುಚ್ಚಿ ಭಟ್ಟರ ಮಡಿಲಲ್ಲಿಟ್ಟರು. ಸೀನು ಮತ್ತೆ ಕುಳಿತುಕೊಂಡ.

“ಹೂರಣಕ್ಕೆ ಹಾಕುವುದು ಏಲಕ್ಕಿಯೋ ಜಾಯಿಕಾಯಿಯೋ ಎಂದು ಅವಳು ಕೇಳಲಿಲ್ಲವೇ?” ಎಂದರು ಕಮಲಮ್ಮನವರು.

“ಇಲ್ಲ, ಅದನ್ನು ಕೇಳಲಿಲ್ಲ” ಎಂದ ಭಟ್ಟರು, ಬೆಂಚಿನ ಮೇಲೆ ಸ್ವಲ್ಪ ಮುಂದಕ್ಕೆ ಸರಿದು ಕುಳಿತರು.