ಊರ ಕೆರೆ ತುಂಬಾ ನೇರಳೆ ಹೂವಿನ ಕಳೆ, ಏನು ಮಾಡೋಣ?

ಪ್ರಶ್ನೆ:
ನಮ್ಮೂರು ತುಮಕೂರಿನ ಹತ್ತಿರ. ಕೆರೆಯ ಮುಕ್ಕಾಲು ಭಾಗವನ್ನು ವಾಟರ್ ಹಯಸಿಂತ್ ಮುಚ್ಚಿದೆ. ಹೋದ ವರ್ಷ ಹದಿನೈದು ಜನ ಸೇರಿ ಎರಡು ಭಾನುವಾರ ಕಿತ್ತೆವು, ದಡದಲ್ಲೇ ರಾಶಿ ಹಾಕಿದೆವು. ಮಳೆ ಬಂತು, ಮತ್ತೆ ತುಂಬಿತು. ನೋಡಿದರೆ ಅಳು ಬರುತ್ತದೆ. ಈಗ ಕೆಲವರು ಕಳೆನಾಶಕ ಹೊಡೆಯೋಣ ಅನ್ನುತ್ತಿದ್ದಾರೆ. ಸರಿನಾ?

ಉತ್ತರ 1:
ದಯವಿಟ್ಟು ಬೇಡ. ಅಷ್ಟೂ ಕಳೆ ಒಟ್ಟಿಗೆ ನೀರಲ್ಲೇ ಕೊಳೆತರೆ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಹೂ ಬಿಡುವ ಮುಂಚೆ ಕೀಳಿ, ಏರಿಯ ಆಚೆಗೆ ಸಾಗಿಸಿ. ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹಾಗಾಗಿ ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಇದನ್ನೇ ತಿನ್ನುವ ಪುಟ್ಟ ದುಂಬಿಗಳನ್ನು ಬಿಟ್ಟಿದ್ದರು. ಅದು ತಜ್ಞರು ನೋಡಿಕೊಂಡು ಮಾಡಬೇಕಾದ್ದು.

ಉತ್ತರ 2:
ಕೆರೆಗೆ ಚರಂಡಿ ನೀರು ಬರುತ್ತಿದೆಯಾ? ಮೊದಲು ಅದನ್ನು ನೋಡಿ. ಕಳೆಗೆ ಅದೇ ಗೊಬ್ಬರ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರು ಜೊಂಡಿನ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಒಮ್ಮೆ ಹೋಗಿ ನೋಡಿ ಬನ್ನಿ. ಇನ್ನೊಂದು ಮಾತು, ಹೂಳು ತೆಗೆಯುವಾಗ ಕೆರೆಯನ್ನು ಬಟ್ಟಲಿನ ಹಾಗೆ ಅಗೆಯಬೇಡಿ. ದಡದಲ್ಲಿ ತೆಳು ನೀರು ಇದ್ದರೆ ತಾನೆ ಕೊಕ್ಕರೆಗಳು ಕಾಲಿಡುವುದು?

ಪ್ರಶ್ನೆ ಕೇಳಿದವರು:
ಬರುತ್ತಿದೆ ಸರ್, ಮೂಡಣ ಕಾಲುವೆಯಿಂದ. ಅಲ್ಲಿ ಕಳೆಯೂ ಜಾಸ್ತಿ. ಇಷ್ಟು ದಿನ ಹೊಳೆದೇ ಇರಲಿಲ್ಲ. ಭಾನುವಾರ ಕಾಲುವೆಗುಂಟ ನಡೆದು, ಎಲ್ಲಿ ಸೇರುತ್ತಿದೆ ಅಂತ ಫೋಟೋ ಹಾಕುತ್ತೇನೆ.